ಫೋಟೋದಲ್ಲಿ ಕೋಳಿ ಎಲ್ಲಿ?

ನನಗೆ ಮದುವೆ ಆಯಿತು, ನಿಜವಾಗಿಯೂ ಆಯಿತು! ಆದರೆ ಮದುವೆಯ ಫೋಟೋದಲ್ಲಿ ಇವರು ನಾಚಿಕೊಂಡು ನನ್ನಿಂದ ಒಂದು ಮೊಳ ದೂರ ನಿಂತಿದ್ದಾರೆ. ಇವತ್ತು ಕಂಪ್ಯೂಟರಿನಲ್ಲಿ ನಮ್ಮಿಬ್ಬರನ್ನೂ ಬೇರೆ ಬೇರೆ ಲೇಯರ್ ಮಾಡಿ ಇವರನ್ನು ಹತ್ತಿರ ಎಳೆದರೆ, ಇವರು ಅಲುಗಲಿಲ್ಲ, ನಾನೇ ಫೋಟೋದಿಂದ ಹೊರಗೆ ಹೋದೆ!

ತಕ್ಷಣ ಪುತ್ತೂರಿನ ದರ್ಬೆಯಲ್ಲಿದ್ದ ಸೋದರಮಾವನ ಫೋಟೋ ಸ್ಟುಡಿಯೋ ನೆನಪಾಯಿತು. ಮಾವ ವೀಳ್ಯ ಜಗಿಯುತ್ತ, ಮೌಸನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸಿ ನನ್ನ ಪುಟ್ಟ ಕೈಗೆ ಕೊಡುತ್ತಿದ್ದರು.

"ಮೊದಲು ಲೇಯರ್ ಸೆಲೆಕ್ಟ್ ಮಾಡುದು, ಮತ್ತೆ ಮೂವ್ ಮಾಡುದು. ಗೊತ್ತಾಯ್ತಾ?"

ಆಲೆಟ್ಟಿಯ ನಮ್ಮ ಮನೆಯಲ್ಲಿ ಲೇಯರ್ ಎಂದರೆ ಮೊಟ್ಟೆ ಇಡುವ ಕೋಳಿ. ಮಾವ ಕಂಪ್ಯೂಟರಿನಲ್ಲಿ ತೆರೆದಿಟ್ಟ ಫೋಟೋದಲ್ಲಿ ಯಾರೋ ಮದುಮಗಳು, ಅವಳ ಹಿಂದೆ ನೀಲಿ ಪರದೆ. ತುಂಬ ಹೊತ್ತು ಹುಡುಕಿದೆ.

"ಮಾವ, ಕೋಳಿ ಕಾಣುದಿಲ್ಲ."

"ಎಂತ ಕೋಳಿ ಮಾರಾಯ್ತಿ! ಇಂಗ್ಲಿಷ್ ಶಾಲೆಗೆ ಹೋಗುದು ನೀನಾ, ನಾನಾ?" ನಕ್ಕ ರಭಸಕ್ಕೆ ಮಾವನಿಗೆ ವೀಳ್ಯ ನೆತ್ತಿಗೇರಿತು.

ಲೇಯರ್ ಎಂದರೆ ಕೋಳಿಯಲ್ಲ ಎಂಬುದಷ್ಟೇ ನನಗೆ ಇಂದಿಗೂ ಗೊತ್ತಿರುವುದು. ಈಗ ನೋಡಿದರೆ ನನ್ನ ಹಾರ ಇವರ ತಲೆಯ ಮೇಲೆ ಕುಳಿತಿದೆ. ಮಾವ, ಫೋಟೋವನ್ನೂ ತರುತ್ತೇನೆ, ಇವರನ್ನೂ ತರುತ್ತೇನೆ. ನೀವೇ ಹತ್ತಿರ ನಿಲ್ಲಿಸಿಕೊಡಿ. ಭಾನುವಾರ ಬೆಳಗ್ಗೆ, ಮುರ್ಡೇಶ್ವರ ಎಕ್ಸ್‌ಪ್ರೆಸ್, ಕಬಕ ಪುತ್ತೂರಿನಲ್ಲಿ ಇಳಿಯುತ್ತೇವೆ.