ಲೈನಿನಲ್ಲಿ ಕೇಳಿದ ಮೂವತ್ತು ಪ್ರಶ್ನೆಗಳು

ಸಮಾಜಶಾಸ್ತ್ರವನ್ನು ನಾನು ಪ್ರೀತಿಯಿಂದ ಆರಿಸಿಕೊಂಡವನಲ್ಲ. ಸಿವಿಲ್ ಸರ್ವಿಸ್ ಪರೀಕ್ಷೆಗೆ ಐಚ್ಛಿಕ ವಿಷಯ ಯಾವುದಿರಲಿ ಎಂದು ತಲೆ ಕೆಡಿಸಿಕೊಂಡಿದ್ದಾಗ ಹಿರಿಯ ಗೆಳೆಯನೊಬ್ಬ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. "ಸೋಷಿಯಾಲಜಿ ತಗೋ ಮಾರಾಯ. ಜಾತಿ, ಮದ್ವೆ, ಮನೆ, ಊರು. ಅದ್ರಲ್ಲಿ ಓದಾದೇನೈತೆ? ಎಲ್ಲಾ ಕಣ್ಣೆದುರ್ಗೇ ಐತೆ" ಎಂದ. ನಾನು ಬಿ.ಎಸ್ಸಿ. ಮಾಡಿ ಮನೆಯಲ್ಲಿ ಕೂತಿದ್ದವನು. ಕಣ್ಣೆದುರಿಗೆ ಇರುವುದನ್ನೇ ಬರೆದು ಸಾಹೇಬನಾಗಬಹುದೆಂದರೆ ಯಾರಿಗೆ ಬೇಡ? ಹೇಳಿದವನು ಎರಡು ಸಲ ಬರೆದು ಎರಡು ಸಲವೂ ಫೇಲಾಗಿದ್ದ ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ನಮ್ಮಪ್ಪ ಆನೇಮಹಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದು, ದಿನದ ಕೆಲಸ ಹಂಚುವುದು ಅವರ ಕೆಲಸ. ನಮಗೆ ಸ್ಟೋರಿನ ಪಕ್ಕ ಎರಡು ಕೋಣೆಯ ಕ್ವಾರ್ಟರ್ಸ್ ಇತ್ತು. ಅಲ್ಲಿ ಓದು ಸಾಗುತ್ತಿರಲಿಲ್ಲವಾಗಿ ಬೆಳಗಿನ ಬಸ್ಸಿಗೆ ದೋಣಿಗಲ್ಲಿನ ರೈಲ್ವೆ ಸ್ಟೇಷನ್ನಿಗೆ ಹೋಗುತ್ತಿದ್ದೆ. ಹಳಿ ಬದಲಿಸುವ ಕೆಲಸಕ್ಕೆಂದು ಆ ವರ್ಷಗಳಲ್ಲಿ ಘಟ್ಟದ ರೈಲು ನಿಂತುಹೋಗಿತ್ತು. ರೈಲೇ ಬಾರದ ಸ್ಟೇಷನ್ನಿನ ಕಲ್ಲುಬೆಂಚಿಗಿಂತ ಓದುವವನಿಗೆ ಒಳ್ಳೆಯ ಜಾಗ ಸಿಗುವುದು ಕಷ್ಟ. ಅಲ್ಲಿ ಕೂತು ಸಾಮಾಜಿಕ ಸ್ತರವಿನ್ಯಾಸ, ಪಾತ್ರ ಸಂಘರ್ಷ ಎಂದೆಲ್ಲ ಗಟ್ಟಿಯಾಗಿ ಉರು ಹೊಡೆಯುತ್ತಿದ್ದೆ. ಎಲ್ಲಕ್ಕಿಂತ ಹಿಡಿಸಿದ್ದು ಮೌಲ್ಯ ತಟಸ್ಥತೆ. ಅಧ್ಯಯನ ಮಾಡುವವನು ತನ್ನ ಇಷ್ಟಾನಿಷ್ಟಗಳನ್ನು ಪಕ್ಕಕ್ಕಿಟ್ಟು ಸುಮ್ಮನೆ ನೋಡಬೇಕು ಎಂಬುದು ಅದರ ಸಾರ. ನಾನು ಮೊದಲಿನಿಂದಲೂ ಜಗಳವಾದರೆ ಬಿಡಿಸದೆ ನಿಂತು ನೋಡುವ ಪೈಕಿ. ನನ್ನ ಪುಕ್ಕಲುತನಕ್ಕೆ ಇಷ್ಟು ಘನವಾದ ಹೆಸರಿದೆ ಎಂದು ತಿಳಿದು ಸಂತೋಷವಾಯಿತು.

ಹಾಸನದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ನಮ್ಮಂಥವರ ಉತ್ತರಗಳನ್ನು ತಿದ್ದಿಕೊಡುತ್ತಿದ್ದರು. ಪ್ಲಾಂಟೇಷನ್ ಕಾರ್ಮಿಕರ ಬಗ್ಗೆ ಎಂಟು ಪುಟ ಬರೆದು ಒಯ್ದೆ. ಅವರು ಎರಡು ಪುಟ ಓದಿ ಕನ್ನಡಕ ತೆಗೆದರು. "ನೀವು ಬರೆದಿರೋ ಆಳು ಪುಸ್ತಕದಲ್ಲಿ ಹುಟ್ಟಿ ಪುಸ್ತಕದಲ್ಲೇ ಸಾಯ್ತಾನೆ ಕಣ್ರೀ. ಲೈನು ನಿಮ್ಮ ಮನೆ ಹಿಂದೇನೇ ಇದೆ ಅಂತೀರಿ. ಹೋಗಿ ಕೇಳ್ಕೊಂಡು ಬನ್ನಿ" ಎಂದರು. ಲೈನು ಎಂದರೆ ಎಸ್ಟೇಟಿನ ಆಳುಗಳಿಗೆಂದು ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಮನೆಗಳು. ಹುಟ್ಟಿದಾಗಿನಿಂದ ಅದರ ಮುಂದೆಯೇ ಓಡಾಡಿದ್ದೆ, ಯಾರ ಮನೆಯ ಒಳಗೂ ಕಾಲಿಟ್ಟಿರಲಿಲ್ಲ.

ಸರಿ, ಮೂವತ್ತು ಪ್ರಶ್ನೆಗಳ ಹಾಳೆ ತಯಾರು ಮಾಡಿದೆ. ಮೂಲ ಊರು, ವಲಸೆ ಬಂದ ಕಾರಣ, ಮಕ್ಕಳ ಓದು, ಸ್ವಂತ ಮನೆ ಇದೆಯೇ, ಇಲ್ಲದಿದ್ದರೆ ಬೇಕೇ, ಹೀಗೆ. ಸಕಲೇಶಪುರದಲ್ಲಿ ಟೈಪು ಮಾಡಿಸಿ, ಜೆರಾಕ್ಸ್ ತೆಗೆಸಿ, ರಟ್ಟಿಗೆ ಕ್ಲಿಪ್ಪು ಹಾಕಿಕೊಂಡು ಕಾಫಿ ಕುಯ್ಲು ಮುಗಿದ ಮೇಲಿನ ಒಂದು ಭಾನುವಾರ ಲೈನಿಗೆ ಇಳಿದೆ.

ಮೊದಲ ಮನೆಯಲ್ಲಿದ್ದ ಹೆಂಗಸಿಗೆ ಆಗ ಅರವತ್ತರ ಹತ್ತಿರ. ಆಲೂರು ಕಡೆಯಿಂದ ಮದುವೆಯಾಗಿ ಬಂದು, ಗಂಡ ತೀರಿಕೊಂಡ ಮೇಲೂ ಅದೇ ಎಸ್ಟೇಟಿನಲ್ಲಿ ದುಡಿಯುತ್ತಿದ್ದಳು. ನನ್ನನ್ನು ಎತ್ತಿ ಆಡಿಸಿದವಳು. ಆದರೂ ನಾನು ಆಕೆಯನ್ನು ಏಕವಚನದಲ್ಲೇ ಮಾತನಾಡಿಸುತ್ತಿದ್ದೆ, ನಮ್ಮಲ್ಲಿ ಹಾಗೇ ನಡೆದು ಬಂದಿತ್ತು. ಆಕೆಯೂ ನನ್ನನ್ನು 'ಚಿಕ್ಕ ರೈಟ್ರು' ಎಂದು ಕರೆದರೂ 'ನೀನು' ಎಂದೇ ಮಾತಾಡುತ್ತಿದ್ದಳು. ಅವತ್ತು ಮಾತ್ರ ಟೈಪು ಮಾಡಿದ ಹಾಳೆ ಕಂಡದ್ದೇ "ಬರ್ಕಳಿ ಸಾ" ಎಂದು ಸೆರಗು ಸರಿಮಾಡಿಕೊಂಡಳು. ನಾನು ಅದನ್ನೂ ಮಾಹಿತಿ ಎಂದು ಬರೆದುಕೊಂಡೆ.

ಆಕೆಗೆ ಮಂಡಿ ಹಿಡಿದುಕೊಂಡಿತ್ತು. ಮುಂದಿನ ವರ್ಷಕ್ಕೆ ಕೆಲಸ ಬಿಡಬೇಕು. ಕೆಲಸ ಬಿಟ್ಟವರು ಲೈನಿನ ಮನೆಯನ್ನೂ ಬಿಡಬೇಕು. ಆಲೂರು ಹತ್ತಿರ ಮಗಳ ಮನೆ ಇತ್ತು, ಆದರೆ ಅಳಿಯನ ಹಂಗಿನಲ್ಲಿರುವುದು ಆಕೆಗೆ ಬೇಡವಾಗಿತ್ತು. "ಒಂದ್ ಸೈಟು ಸಿಕ್ಬುಟ್ರೆ ಸಾಕು ಸಾ. ಆನೇಮಹಲ್ ರೋಡ್ ಕಡೀಕೆ ಸಿಕ್ರೆ ಬಸ್ಸಾದ್ರೂ ಕಾಣ್ತವೆ. ನಾನೇ ನಾಕ್ ಗೋಡೆ ಎಬ್ಬಿಸ್ಕತೀನಿ" ಎಂದಳು. ನಾನು 'ಸ್ವಂತ ಮನೆ: ಇಲ್ಲ. ಬೇಕು' ಎಂದು ಬರೆದೆ.

ಮೂವತ್ತೂ ಮುಗಿದ ಮೇಲೆ ಆಕೆ ಎಡಗೈ ಹೆಬ್ಬೆರಳು ಮುಂದೆ ಮಾಡಿ "ಎಲ್ಲಿ ಒತ್ಲಿ ಸಾ?" ಎಂದಳು. ನನ್ನ ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಇದು ಅರ್ಜಿಯಲ್ಲ ಎಂದು ಅಲ್ಲೇ ಹೇಳಬೇಕಿತ್ತು. ಹೆಬ್ಬೆಟ್ಟಿದ್ದರೆ ಮೇಷ್ಟ್ರಿಗೆ ತೋರಿಸುವಾಗ ಹಾಳೆಗೊಂದು ತೂಕ ಬರುತ್ತದೆ ಅನಿಸಿತು. ಅಪ್ಪನ ಆಫೀಸಿನಿಂದ ಇಂಕಿನ ಪ್ಯಾಡು ತಂದು ಒತ್ತಿಸಿಕೊಂಡೆ.

ಉಳಿದ ಮನೆಗಳಲ್ಲಿ ಯಾರೂ ಅಷ್ಟು ಮನಸ್ಸಿಟ್ಟು ಉತ್ತರಿಸಲಿಲ್ಲ. ಒಬ್ಬ ಇಪ್ಪತ್ತನೇ ಪ್ರಶ್ನೆಗೇ ಎದ್ದು ಹೋದ. ಇನ್ನೊಬ್ಬಳು "ನಿಮ್ಮಪ್ಪಂಗೆ ಎಲ್ಲಾ ಗೊತ್ತಲ್ಲ, ಅವ್ರನ್ನೇ ಕೇಳು" ಎಂದು ಒಲೆ ಊದತೊಡಗಿದಳು. ಹೊಸ ಉತ್ತರ ಬರೆದು ಒಯ್ದಾಗ ಮೇಷ್ಟ್ರು "ಈಗ ಇವನಿಗೆ ಜೀವ ಬಂತು ನೋಡಿ" ಎಂದರು. ಮುಖ್ಯ ಪರೀಕ್ಷೆಯಲ್ಲಿ ಪ್ಲಾಂಟೇಷನ್ ಕಾರ್ಮಿಕರ ಮೇಲೆ ಪ್ರಶ್ನೆ ಬಂದೇ ಬಂತು. ಮಂಡಿ ನೋವು, ಅಳಿಯನ ಹಂಗು, ಎಲ್ಲವನ್ನೂ ಊರು ಹೆಸರಿಲ್ಲದೆ ಬರೆದು ಬಂದೆ. ಆ ಸಲ ಪಾಸಾದೆ. ಅಂಕಪಟ್ಟಿ ಬಂದಾಗ ಬೇರೆಲ್ಲಕ್ಕಿಂತ ಹೆಚ್ಚು ಅಂಕ ಸಮಾಜಶಾಸ್ತ್ರಕ್ಕೇ ಬಿದ್ದಿತ್ತು.

ಆದರೆ ಫಲಿತಾಂಶಕ್ಕೆ ಮುಂಚೆಯೇ ಇನ್ನೊಂದು ನಡೆದುಹೋಗಿತ್ತು. ನಾನು ಪರೀಕ್ಷೆಯ ತಯಾರಿಯಲ್ಲಿ ಮುಳುಗಿದ್ದಾಗ ಪಂಚಾಯಿತಿಯವರು ಸೈಟಿಲ್ಲದವರಿಂದ ಅರ್ಜಿ ಕರೆದಿದ್ದರು. ಅಪ್ಪ ಬೆಳಗಿನ ಹಾಜರಿ ಹೊತ್ತಿನಲ್ಲಿ ಅದನ್ನು ಓದಿ ಹೇಳಿದ್ದರು. ಲೈನಿನವರು ಏಳೆಂಟು ಜನ ಹೋಗಿ ಕೊಟ್ಟು ಬಂದರು. ಮೊದಲ ಮನೆಯ ಆಕೆ ಮಾತ್ರ ಹೋಗಲಿಲ್ಲ. ಪರೀಕ್ಷೆ ಬರೆದು ಬಂದ ವಾರ ಪಂಚಾಯಿತಿಯ ಗೋಡೆಗೆ ಪಟ್ಟಿ ಅಂಟಿಸಿದರು. ಅಪ್ಪ ನನ್ನನ್ನು ಕರೆದರು.

"ಆವಮ್ಮ ಅರ್ಜಿ ಯಾಕೆ ಕೊಟ್ಟಿಲ್ಲ ಅಂದ್ರೆ, 'ನಂದು ಚಿಕ್ಕ ರೈಟ್ರು ಆವಾಗ್ಲೇ ಬರ್ಕಂಡ್ ಹೋಗವ್ರೆ, ಹೆಬ್ಬೆಟ್ಟೂ ಒತ್ತೀವ್ನಿ' ಅಂತಾಳೆ. ಏನೋ ಅದು?"

ಅಪ್ಪ ಜೋರು ಮಾಡಲಿಲ್ಲ. ಮಾಡಿದ್ದರೆ ಹಗುರವಾಗುತ್ತಿತ್ತು. ಮಾರನೆಯ ದಿನ ಪಂಚಾಯಿತಿಗೆ ಹೋಗಿ ಒಂದು ಹೆಸರು ಸೇರಿಸಲಾದೀತೇ ಎಂದು ಕೇಳಿದೆ. "ಪಟ್ಟಿ ಮ್ಯಾಲಕ್ಕೆ ಹೋಗ್ಬುಡ್ತಲ್ರೀ. ಮುಂದಿನ್ ಸಲ ನೋಡಣ" ಎಂದರು ಅಲ್ಲಿದ್ದವರು. ಮುಂದಿನ ಸಲ ಯಾವಾಗ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಭಾನುವಾರ ಲೈನಿಗೆ ಹೋದೆ. ಆಕೆ ಬಾಗಿಲಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಅದು ಸರ್ಕಾರದ ಕಾಗದವಲ್ಲ, ನನ್ನ ಓದಿಗೆಂದು ಬರೆದುಕೊಂಡದ್ದು ಎಂದು ಹೇಳಿದೆ. ಹೇಳಲು ಒಂದೇ ನಿಮಿಷ ಸಾಕಾಯಿತು.

"ಓದಾಕಾ?" ಎಂದಳು. ಮೊರ ಕೆಳಗಿಟ್ಟಳು. "ಹಂಗಾದ್ರೆ ಹೆಬ್ಬೆಟ್ಟು ಯಾಕಪ್ಪಾ ಒತ್ತುಸ್ಕಂಡೆ?"

ನೋಡಲು ಚೆನ್ನಾಗಿರಲಿ ಅಂತ ಎಂದು ಯಾವ ಬಾಯಲ್ಲಿ ಹೇಳಲಿ? ನಾಚಿಕೆಯಾಯಿತು. ಅಂಥ ನಾಚಿಕೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ. ಆಕೆ ಬೈಯಲಿ ಎಂದು ಕಾದು ನಿಂತೆ. ಆಕೆ ಬೈಯಲಿಲ್ಲ. ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು, "ಆ ಕಾಗ್ದ ನಂಗೆ ಕೊಟ್ಬುಡು" ಎಂದಳು.

ಮನೆಗೆ ಹೋಗಿ ಕಟ್ಟಿನಿಂದ ಹುಡುಕಿ ತಂದೆ. ಕೊಡುವಾಗ ಕಣ್ಣಿಗೆ ಬಿತ್ತು: ಹೆಬ್ಬೆಟ್ಟಿನ ಪಕ್ಕದಲ್ಲಿ, ಓದುವಾಗ ಗುರುತು ಮಾಡಿಕೊಳ್ಳುವ ಕೆಂಪು ಪೆನ್ನಿನಲ್ಲಿ, ಅವತ್ತು ರಾತ್ರಿ ನಾನೇ ಬರೆದದ್ದು. 'ಬರೆದುಕೊಂಡವನೆಲ್ಲ ಸರ್ಕಾರ ಎಂಬ ಕುರುಡು ನಂಬಿಕೆ. ಒಳ್ಳೆಯ ಉದಾಹರಣೆ.' ಅಂದರೆ ಆಕೆ ಏನೆಂದು ತಿಳಿದಿದ್ದಾಳೆ ಎಂಬುದು ನನಗೆ ಆವತ್ತೇ ಗೊತ್ತಿತ್ತು.

ಆಕೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದೇನು ಕೆಂಪಲ್ಲಿ ಬರ್ದಿದೀಯ?"

"ನಿನ್ನ ಹೆಸರು" ಎಂದೆ.

ಆಕೆ ಆ ಸಾಲಿನ ಮೇಲೆ ಬೆರಳಾಡಿಸಿ, ಕಾಗದವನ್ನು ನಾಲ್ಕಾಗಿ ಮಡಿಸಿ ರೇಷನ್ ಕಾರ್ಡಿನ ಚೀಲಕ್ಕೆ ಸೇರಿಸಿದಳು. ಮುಂದಿನ ಕುಯ್ಲು ಮುಗಿದ ಮೇಲೆ ಲೈನಿನ ಮನೆ ಬಿಟ್ಟು ಆಲೂರಿನ ಬಸ್ಸು ಹತ್ತಿದಾಗ ಆ ಚೀಲವೂ ಜೊತೆಗೆ ಹೋಯಿತು. ಮಗಳ ಮನೆಯಲ್ಲಿ ಆರನೇ ಕ್ಲಾಸು ಓದುವ ಮೊಮ್ಮಗಳು ಇದ್ದಳು.