ಸೊಪ್ಪಿನ ಹೊರೆ ಹೊತ್ತ ಅಕ್ಷರ

ಏಲಕ್ಕಿಯ ತೊಟ್ಟು ಚಿವುಟಿ ಚಿವುಟಿ ನನ್ನ ಸೋದರತ್ತೆಯ ಹೆಬ್ಬೆರಳಿನ ಉಗುರು ಓರೆಯಾಗಿ ಸವೆದಿತ್ತು. ತಮಿಳುನಾಡಿನ ಬೋಡಿನಾಯಕನೂರಿನ ಏಲಕ್ಕಿ ಮಂಡಿಯಲ್ಲಿ ಮೊರದ ಮುಂದೆ ಕುಳಿತು ದಪ್ಪ ಕಾಯಿ, ಒಡೆದ ಕಾಯಿ, ಬಣ್ಣಗೆಟ್ಟ ಕಾಯಿಗಳನ್ನು ಬೇರೆ ಬೇರೆ ಗುಡ್ಡೆ ಮಾಡುವುದು ಅವಳ ಕೆಲಸ.

ವೇಡಸಂದೂರಿನ ಮಗಳ ಮನೆಗೆ ಒಬ್ಬಳೇ ಹೋಗಬೇಕೆಂಬುದು ಅವಳ ಆಸೆ. ಆದರೆ ದಿಂಡಿಗಲ್ ನಿಲ್ದಾಣದಲ್ಲಿ ಬಸ್ಸಿನ ಮೇಲಿನ ತಮಿಳು ಹಲಗೆ ಓದಲು ಬಾರದೆ ಪ್ರತಿ ಸಲವೂ ಯಾರನ್ನಾದರೂ ಜೊತೆಗೆ ಬೇಡಬೇಕಿತ್ತು. ನಾನು ನಡೆಸುತ್ತಿದ್ದ ತಮಿಳು ಓದಿನ ಸಂಜೆ ತರಗತಿಗೆ ಮಾತ್ರ ಅವಳು ಬರಲೊಲ್ಲಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದ ವಾದಗಳನ್ನೆಲ್ಲ ಅವಳ ಮುಂದೆ ಮಂಡಿಸಿದೆ.

"ಗಂಟ್ಲು ನೋಯ್ತದೆ ಕಣ್ಣು, ನೀರ್ ಕುಡಿ," ಎಂದಳು. ಮುದ್ದಿನಿಂದ ಅವಳು ನನ್ನನ್ನು ಕರೆಯುತ್ತಿದ್ದುದೇ 'ಕಣ್ಣು' ಎಂದು.

ಆಗ ಮಂಡಿಯ ಮಾಲೀಕರು ಚೀನಾ ಪ್ರವಾಸದಿಂದ ತಂದ ಮೂರು ಚಹಾ ಪೊಟ್ಟಣಗಳನ್ನು ಅವಳಿಗೆ ಕೊಟ್ಟರು. ಒಂದು ಗುಟುಕು ಕುಡಿದು, "ಇದೇನು ಟೀಯಾ, ಹುಲ್ಲು ತೊಳ್ದ ನೀರಾ?" ಎಂದು ಲೋಟ ಸರಿಸಿದಳು. ಪೊಟ್ಟಣಗಳನ್ನು ಸರಿಸಲಿಲ್ಲ. ಅವುಗಳ ಮೇಲಿನ ದೊಡ್ಡ ಅಕ್ಷರಗಳನ್ನು ಕತ್ತರಿಸಿ ಮೊರಕ್ಕೆ ಹಾಕಿ, ಏಲಕ್ಕಿಯಂತೆಯೇ ಆರಿಸತೊಡಗಿದಳು.

"ಇದು ಮೂರ್ರಲ್ಲೂ ಅದೆ, ನೋಡು! ತಲೆ ಮೇಲೆ ಸೊಪ್ಪಿನ ಹೊರೆ ಹೊತ್ಕೊಂಡು ಹೆಣ್ಣಾಳು ನಿಂತವ್ಳೆ."

ಅರ್ಥ ಹೇಳುವ ಫೋನಿನ ಕ್ಯಾಮೆರಾವನ್ನು ಅದರ ಮೇಲೆ ಹಿಡಿದೆ. 茶. ಚಹಾ! ಇಬ್ಬರೂ ಕೂಗಿಕೊಂಡೆವು. ಉಳಿದ ಮೂರು ಅಕ್ಷರಗಳಲ್ಲಿ ಎರಡಕ್ಕೆ ಎಡಭಾಗ ಒಂದೇ ಎಂದು ಅವಳೇ ತೋರಿಸಿದಳು. ಫೋನು ಹೇಳಿದ ಅರ್ಥದಲ್ಲಿ ಒಂದು ಕೆಂಪು, ಇನ್ನೊಂದು ಹಸಿರು; ಒಂಟಿಯಾಗಿ ಉಳಿದದ್ದು ಬಿಳಿ. ಸಂಜೆಯ ಹೊತ್ತಿಗೆ ಅತ್ತೆ ಚೂರುಗಳನ್ನು ಜೋಡಿಸಿ, ಕೆಂಪು ಚಹಾ, ಹಸಿರು ಚಹಾ, ಬಿಳಿ ಚಹಾ ಎಂದು ತಡೆಯಿಲ್ಲದೆ ಓದುತ್ತಿದ್ದಳು.

"ಇದ ಕಲ್ತ್ಯಲ್ಲ ಅತ್ತೆ, ತಮಿಳ್ ಯಾಕೆ ಬೇಡ?"

"ತಮಿಳ ತಪ್ಪಾಗಿ ಓದುದ್ರೆ ಮನೇಲಿ ಸೊಸೆ ನಗ್ತಾಳೆ, ಮೊಮ್ಮಗ ನಗ್ತಾನೆ. ಇದ್ರಲ್ಲಿ ತಪ್ಪ ಹಿಡಿಯಾಕೆ ಈ ಊರ್ನಾಗೆ ಯಾರವ್ರೆ?"

ಅಜ್ಞಾನವೇ ನಮ್ಮ ಶತ್ರುವೆಂದು ನಾನು ವೇದಿಕೆಗಳಲ್ಲಿ ಸಾರಿದ್ದೆ. ಇಲ್ಲಿ ಅಡ್ಡ ನಿಂತದ್ದು ಮನೆಯವರ ನಗು! ಮರುದಿನವೇ ತರಗತಿಗೆ ಹೊಸ ನಿಯಮ ಮಾಡಿದೆ: ಇನ್ನೊಬ್ಬರ ತಪ್ಪಿಗೆ ನಗುವವರು ಮೊದಲು ಈ ಚೀನೀ ಚೂರುಗಳನ್ನು ಓದಬೇಕು, ಪರೀಕ್ಷಕಿ ಅತ್ತೆ. ಆ ಅಧಿಕಾರ ಚಲಾಯಿಸಲೆಂದೇ ಅವಳು ಬಂದಳು. ಜೊತೆಗೆ ಮಂಡಿಯ ಹೆಂಗಸರನ್ನೂ ಕರೆತಂದಳು. ಮೊದಲು ನಕ್ಕವನು ಅವಳ ಹಿಂದೆಯೇ ಬಂದಿದ್ದ ಮೊಮ್ಮಗ.

"ಬಾರಪ್ಪ ದೊರೆ, ಓದು," ಎಂದು ಮೊರ ಮುಂದೊಡ್ಡಿದಳು. ಅವನು ತಲೆ ತಗ್ಗಿಸಿದ. ಅತ್ತೆ ತನ್ನ ತಮಿಳು ಪಾಠ ಮುಂದುವರಿಸಿದಳು.

ಕೆಲವು ತಿಂಗಳ ಬಳಿಕ ಒಂದು ಬೆಳಿಗ್ಗೆ ದಿಂಡಿಗಲ್ ನಿಲ್ದಾಣದಿಂದ ಫೋನು ಬಂತು. "ವೇ... ಡ... ಸಂ... ದೂರ್! ಓದ್ಬುಟ್ಟೆ ಕಣ್ಣು! ಯಾರ್ನೂ ಕೇಳ್ಲಿಲ್ಲ. ಫೋನ್ ಇಡು ಇಡು, ಬಸ್ ಹೊರಡ್ತದೆ!"

ಕಳೆದ ವರ್ಷ ಅತ್ತೆ ತೀರಿಕೊಂಡಳು. ಈಗ ತರಗತಿಯಲ್ಲಿ ಯಾರಾದರೂ ಓದುತ್ತ ತಡವರಿಸಿದರೆ, ಉಳಿದವರು ಸುಮ್ಮನೆ ಕಾಯುತ್ತಾರೆ. ನನ್ನ ಯಾವ ವಾದವೂ ಆ ತಾಳ್ಮೆಯನ್ನು ಗಳಿಸಿಕೊಟ್ಟಿರಲಿಲ್ಲ; ಅದು ಅತ್ತೆಯ ಋಣ.