ಬೋರ್ಡಣ್ಣನ ಎಡಗೈ

ಊರಿನಲ್ಲಿ ಕೆಂಪಕ್ಷರ ಎಲ್ಲೆಲ್ಲಿ ಓಡುತ್ತದೋ ಅಲ್ಲೆಲ್ಲ ಬೋರ್ಡಣ್ಣನ ಏಣಿ. ಬಸ್ ನಿಲ್ದಾಣ, ಆಸ್ಪತ್ರೆ, ಮಾರ್ಕೆಟ್ಟು, ಕೊನೆಗೆ ಶೌಚಾಲಯದ ಎಲ್‌ಇಡಿ ಬೋರ್ಡೂ ಅವನ ಕೈಕೆಲಸವೇ. ಏಣಿಯ ಮೇಲೆ ಅವನು ಅದೆಷ್ಟು ಕಾಲ ಕಳೆದಿದ್ದನೆಂದರೆ, ಕಾಗೆಗಳು ತಮ್ಮವನೇ ಎಂದು ತಿಳಿದು ಹೆಣ್ಣು ಕೊಡಲು ಬಂದಿದ್ದವಂತೆ. ಆಗಲೇ ಮದುವೆಯಾಗಿತ್ತು, ಬಚಾವಾದ.

ಓಡುವ ಅಕ್ಷರ ನೋಡಿ ನೋಡಿ ಅವನ ಮಾತೂ ಹಾಗೇ ಆಗಿತ್ತು: ಚಿಕ್ಕದು, ಆದರೆ ಮೂರು ಸಲ. "ಕಾಫಿ ಕೊಡು. ಕಾಫಿ ಕೊಡು. ಕಾಫಿ ಕೊಡು."

"ನಂಗೆ ಕಿವಿ ಕೇಳತ್ತೆ ರೀ," ಅನ್ನುತ್ತಿದ್ದಳು ಹೆಂಡತಿ.

ಊರಿನ ಬೋರ್ಡುಗಳನ್ನೆಲ್ಲ ಒಂದೇ ಜಾಲಕ್ಕೆ ಪೋಣಿಸಿದವನೂ ಅವನೇ. ಪ್ರತಿ ಬೋರ್ಡಿಗೂ ಒಂದು ನಂಬರು. ಲ್ಯಾಪ್‌ಟಾಪಿನಲ್ಲಿ ಆ ನಂಬರು ಒತ್ತಿ ಬರೆದರೆ ಆ ಬೋರ್ಡಿನಲ್ಲಷ್ಟೇ ಬರುತ್ತದೆ. ಸೊನ್ನೆ ಒತ್ತಿದರೆ ಎಲ್ಲದರಲ್ಲೂ. ಸೊನ್ನೆ ಇರುವುದು ನೆರೆ, ಬೆಂಕಿಯಂಥ ಅನಾಹುತಕ್ಕೆ.

ಆವತ್ತು ಹೆಂಡತಿ ಮಾರ್ಕೆಟ್ಟಿಗೆ ಹೋಗಿದ್ದಳು. ಇವನು ಮನೆಗೆ ತಂದಿದ್ದ ಬೋರ್ಡೊಂದನ್ನು ರಿಪೇರಿ ಮಾಡಿ, ಎದುರಿಗಿಟ್ಟುಕೊಂಡು ಊಟಕ್ಕೆ ಕೂತ. ಪರೀಕ್ಷೆಗೆ ಏನಾದರೂ ಬರೆಯಬೇಕಲ್ಲ! ನಾಲಗೆ ಹೇಳಿದ್ದನ್ನೇ ಬರೆದ: 'ಇವತ್ತೂ ಉಪ್ಪು ಜಾಸ್ತಿ.' ಬಲಗೈ ಅನ್ನದಲ್ಲಿತ್ತು. ನಂಬರು ಒತ್ತಿದ್ದು ಎಡಗೈ. ಒತ್ತಿದ್ದು ಸೊನ್ನೆ. ಎದುರಿನ ಬೋರ್ಡಿನಲ್ಲೂ ಅಕ್ಷರ ಚೆನ್ನಾಗಿ ಓಡಿದ್ದರಿಂದ ಹಿಗ್ಗಿ ಇನ್ನೊಂದು ತುತ್ತು ನುಂಗಿದ.

ಆಸ್ಪತ್ರೆಯಲ್ಲಿ ಬಿಪಿ ರೋಗಿಗಳೆಲ್ಲ ಸಾಲಾಗಿ ಎದ್ದು ನಿಂತು, "ನಾನಲ್ಲ ಡಾಕ್ಟ್ರೇ!" ಅಂದರಂತೆ. ಮಾರ್ಕೆಟ್ಟಿನಲ್ಲಿ ತರಕಾರಿಯವಳು ತಲೆಯೆತ್ತಿ ಬೋರ್ಡು ನೋಡಿದಳು, ತಲೆ ತಗ್ಗಿಸಿ ಬೋರ್ಡಣ್ಣನ ಹೆಂಡತಿಯನ್ನು ನೋಡಿದಳು. "ಅಕ್ಕಾ, ಎರಡು ಆಲೂಗಡ್ಡೆ ಜಾಸ್ತಿ ಹಾಕ್ಲಾ? ಉಪ್ಪು ಎಳ್ಕೊಳ್ಳತ್ತೆ."

ಹೆಂಡತಿ ಮನೆಗೆ ಬಂದಳು, "ಊರೆಲ್ಲ ಓದಿದ್ರು!" ಅಂದಳು, ಬ್ಯಾಗು ತುಂಬಿದಳು, ನಡೆದಳು. ಬೋರ್ಡಣ್ಣ ಕೈ ತೊಳೆಯದೆ, ಲ್ಯಾಪ್‌ಟಾಪು ಅವುಚಿಕೊಂಡು ಬಸ್ ನಿಲ್ದಾಣದವರೆಗೂ ಹಿಂದೆ ಓಡಿದ.

"ಅಣ್ಣನ ಮನೇಲಿರ್ತೀನಿ. ಅಲ್ಲಿ ನಾನು ಹಾಕಿದ್ದೇ ಉಪ್ಪು."

"ತಪ್ಪಾಯ್ತು ಕಣೇ. ತಪ್ಪಾಯ್ತು. ತಪ್ಪಾ..."

"ಉಪ್ಪಿನ ಸುದ್ದಿ ಊರಿಗೆಲ್ಲ, ತಪ್ಪಾಯ್ತು ಮಾತ್ರ ನನ್ನ ಕಿವೀಲಾ? ಎಲ್ಲಿ ಸಾರಿದ್ರೋ ಅಲ್ಲೇ ಒಪ್ಕೊಳ್ಳಿ. ಬಸ್ಸು ಹೊರಡೋದ್ರೊಳಗೆ!"

ಅವಳಿಲ್ಲದ ಮನೆ ನೆನೆದರೇ ಅವನ ಎದೆ ಫ್ಯೂಸ್ ಹೋದ ಬೋರ್ಡಾಯಿತು. ಬೆಂಚಿನ ಮೇಲೆ ಕೂತು ಬರೆದ: 'ತಪ್ಪಾಯ್ತು ಕಣೇ, ಎದ್ದು ಬಾ.' ಆದರೆ ಸೊನ್ನೆ ಕಂಡರೆ ಈಗ ಹಾವು ಕಂಡ ಹಾಗೆ. ಬೆರಳು ಜಾರಿ ಪಕ್ಕದ ಒಂಬತ್ತರ ಮೇಲೆ ಬಿತ್ತು.

ನಿಲ್ದಾಣದ ಬೋರ್ಡು ಮಿಸುಕಲಿಲ್ಲ. ಮೂಲೆಯ ಶೌಚಾಲಯದಿಂದ ಒಬ್ಬ ಪ್ಯಾಂಟು ಹಿಡಿದುಕೊಂಡೇ ಓಡಿ ಬಂದ. "ಯಾರ್ರೀ ಅದು, ಎದ್ದು ಬಾ ಅನ್ನೋರು? ನಂದಿನ್ನೂ ಮುಗ್ದಿಲ್ಲ!"

ಹೆಂಡತಿಗೆ ನಗು ಉಕ್ಕಿ ಬಂತು. ಸೆರಗು ಬಾಯಿಗೆ ತುರುಕಿ, ಅದನ್ನು ಕೆಮ್ಮು ಮಾಡಿಕೊಂಡಳು.

ಬೋರ್ಡಣ್ಣ ಕಣ್ಣು ಮುಚ್ಚಿ ಸೊನ್ನೆ ಒತ್ತಿದ.

ಊರೆಲ್ಲ ಕೆಂಪಗೆ ಕ್ಷಮೆ ಕೇಳಿತು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಅಜ್ಜಿಯೊಬ್ಬಳು, ಕರೆದಾಗ ಹೋಗಬೇಕಪ್ಪ ಎಂದು ಎದ್ದು ಮನೆಗೇ ಹೋದಳಂತೆ. ನಿಲ್ದಾಣದ ಹತ್ತೂ ಪ್ಲಾಟ್‌ಫಾರ್ಮುಗಳಲ್ಲಿ ಬಸ್ಸು ಹೋಗುವ ಊರಿನ ಹೆಸರು ಅಳಿಸಿ 'ಎದ್ದು ಬಾ' ಎಂದು ಬಂತು.

"ಅಯ್ಯೋ ಪುಣ್ಯಾತ್ಮ!" ಕಂಟ್ರೋಲರು ಕಿಟಕಿಯಿಂದ ಅರಚಿದ. "ಯಾವ ಬಸ್ಸು ಎಲ್ಲಿದೆ ಅಂತ ನಂಗೇ ಗೊತ್ತಾಗ್ತಿಲ್ಲ!"

ಅಣ್ಣನ ಊರಿನ ಬಸ್ಸು ಎಲ್ಲೋ ಆ ತುದಿಯಿಂದ ಹಾರ್ನ್ ಹೊಡೆದು ಹೊರಟೇಹೋಯಿತು. ಹೆಂಡತಿ ಅದರ ಬೆನ್ನನ್ನೇ ನೋಡಿ, ಬ್ಯಾಗನ್ನು ಗಂಡನ ಕಾಲ ಮೇಲೆ ಧೊಪ್ಪನೆ ಇಟ್ಟಳು.

"ಕ್ಷಮಿಸಿಬಿಟ್ಲು ಅಂದ್ಕೋಬೇಡಿ. ಬಸ್ಸು ಸಿಗ್ಲಿಲ್ಲ, ಅಷ್ಟೆ. ನಡೀರಿ."

ರಾತ್ರಿ ಬಡಿಸಿದ ಊಟದಲ್ಲಿ ಉಪ್ಪಿನ ಹರಳೂ ಇರಲಿಲ್ಲ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹೇಗಿದೆ?"

"ಅಮೃತ," ಅಂದ ಬೋರ್ಡಣ್ಣ. ಒಂದೇ ಸಲ. ಎಡಗೈಯನ್ನು ತೊಡೆಯ ಕೆಳಗೆ ಭದ್ರವಾಗಿ ಇಟ್ಟುಕೊಂಡು.